ತೊಗರಿಕಟ್ಟಿಗೆಯ ಹಲಗೆ

ತಿಕೋಟಾದ ನಮ್ಮ ಓಣಿಯಲ್ಲಿ ತೊಗರಿಕಟ್ಟಿಗೆಯನ್ನು ಒಲೆಗೆ ಹಾಕದೆ ಕೂಡಿಡುತ್ತಿದ್ದವಳು ಚಾಂದಬಿ ಒಬ್ಬಳೇ. ಆಕೆಯ ಗಂಡ ಬುಡ್ಡೇಸಾಬ ಬಡಿಗ. ವಯಸ್ಸು ಅರವತ್ತೆರಡರ ಸುಮಾರಿಗೆ ಅವನ ಕಣ್ಣು ಮಂಜಾದವು. ಗೆರೆ ಕಾಣದವನು ಗರಗಸ ಹಿಡಿಯುವುದು ಹೇಗೆ? ಅವನ ಉಳಿ-ಗರಗಸದ ಹತಾರಗಳನ್ನು ಕೊಳ್ಳಲು ಬರುತ್ತೇನೆಂದು ವಿಜಾಪುರದ ವ್ಯಾಪಾರಿ ಹೇಳಿಕಳಿಸಿದ್ದ. ಅವು ಹೋದರೆ ಗಂಡ ಮೂಲೆ ಹಿಡಿಯುತ್ತಾನೆ ಎಂಬುದೇ ಚಾಂದಬಿಯ ಚಿಂತೆ.

ಹತಾರ ಮಾರದೆಯೂ ನಾಲ್ಕು ಕಾಸು ಬರಲೆಂದು ಕೂಡಿಟ್ಟ ಕಟ್ಟಿಗೆ ನೆನೆಸಿ, ಕುಟ್ಟಿ, ಪುಂಡಿಗಿಡದ ನಾರು ಬೆರೆಸಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದಳು. ಎರಡು ಹಲಗೆಗಳ ನಡುವೆ ಹರವಿ ಮೇಲೆ ಬೀಸುಕಲ್ಲು ಹೇರಿದಳು.

"ಹೊಟ್ಟ ಅಂಟಿಸಿದ್ರ ಹಲಗಿ ಆಕ್ಕೈತೇನ? ನಾಳೆ ಹಿಟ್ಟ ತಟ್ಟಿ ಬಾಗಲಾ ಮಾಡತಿ!" ಎಂದ ಬುಡ್ಡೇಸಾಬ.

"ಮಾಡತೀನಿ. ಹಸದಾಗ ಮುರಕೊಂಡ ತಿನ್ನಾಕ ಬರತೈತಿ."

ಒಣಗಿದ ಹಲಗೆಗೆ ಮಸಿ ಬಳಿದು ಸಾಲೆಗೆ ಒಯ್ದಳು. "ಎಂಟು ದಿನ ಬಾಳಲಿ, ಆಮ್ಯಾಲ ಮೂರು ಬೋರ್ಡ ಮಾಡಿಕೊಡು," ಎಂದರು ಹಣಮಂತರಾಯ ಮಾಸ್ತರು.

ಮೂರನೇ ದಿನವೇ ಕರೆ ಬಂತು. ನೆರೆಮನೆಯವಳಾದ ನಾನೂ ಜೊತೆಗೆ ಹೋದೆ. ಸಾಲೆಗೆ ನುಗ್ಗಿದ ಆಡುಗಳು ಹಲಗೆಯ ಮೂಲೆಯನ್ನು ನೆಕ್ಕಿ ನೆಕ್ಕಿ ಕಡಿದಿದ್ದವು. ಚಾಂದಬಿ ಒಂದು ಚೂರು ಮುರಿದು ನಾಲಿಗೆಗೆ ಇಟ್ಟಳು.

"ಏ ರುಕ್ಮವ್ವ, ಇದರಾಗ ಉಪ್ಪ ಐತೆಲ್ಲ ಬೇ!"

ಅಂಟು ಕುದಿಯುವಾಗ ಆಕೆ ನೀರಿಗೆ ಹೋಗಿದ್ದಳು. ತಿರುವುತ್ತ ಕೂತವಳು ನಾನು. ಕುದಿಯುವ ಗಡಿಗೆ ಕಂಡರೆ ಉಪ್ಪು ಹಾಕುವ ಕೈ ಅದು, ನನ್ನನ್ನು ಕೇಳಿರಲಿಲ್ಲ. ಬಾಯಿ ಬಿಡುವಷ್ಟರಲ್ಲಿ ಆಕೆಯೇ ಅಂದಳು, "ನನ್ನ ಕೈತಪ್ಪರಿ ಮಾಸ್ತರ. ಇನ್ನೊಂದ ಮಾಡಿಕೊಡತೀನಿ."

"ಈ ಸಲ ಅಂಟ ಮಾಡವಾ, ಸಾರ ಮಾಡಬ್ಯಾಡ," ಎಂದು ಮಾಸ್ತರು ನಕ್ಕರು.

ದಾರಿಯಲ್ಲಿ ಯಾಕೆ ಹಾಗೆಂದೆ ಎಂದು ಕೇಳಿದೆ.

"ನಿನ್ನ ಹೆಸರ ಹೇಳಿದ್ರ, ಕೆಲಸ ಮಂದಿ ಕೈಯಾಗ ಕೊಟ್ಟಾಳ ಅಂತಾರ. ನನ್ನ ಹೆಸರ ಹೇಳಿದ್ರ, ಕಲಿಯಾಕತ್ತಾಳ ಅಂತಾರ."

ಎರಡನೆಯದನ್ನು ಆಡುಗಳು ಮೂಸಿ ಬಿಟ್ಟವು. ಆದರೆ ಅಂಚಿನ ನಾರನ್ನು ಹುಡುಗರು ಕೀಳತೊಡಗಿದರು. ಬುಡ್ಡೇಸಾಬ ಬೆರಳಿನಲ್ಲೇ ಅಳತೆ ಹಿಡಿದು ಸುತ್ತಲೂ ಜಾಲಿಮರದ ಪಟ್ಟಿ ಕೂಡಿಸಿದ. ಹಲಗೆ ಬಾಳಿತು, ಮಾಸ್ತರು ಮೂರು ಬೋರ್ಡು ಹೇಳಿದರು.

ವ್ಯಾಪಾರಿ ಬಂದಾಗ ಬುಡ್ಡೇಸಾಬ ಉಳಿ ಮಸೆಯುತ್ತ ಕೂತಿದ್ದ. "ಮೂರ ಬೋರ್ಡಿಗೆ ಅಂಚ ಕಟ್ಟೂದೈತಿ. ಹತಾರ ನಿಮಗ ಕೊಟ್ಟ, ನಾ ಹಲ್ಲೀಲೆ ಕೆತ್ತಲೇನ್ರಿ?"

ಚಾಂದಬಿ ಒಳಗೆ ಕಟ್ಟಿಗೆ ಕುಟ್ಟುತ್ತಿದ್ದಳು. ಒನಕೆ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.