ಅಪ್ಪನಿಂದ ಬಂದ ಕೊಲೆಸ್ಟ್ರಾಲ್

ದೊಮ್ಮಲೂರಿನ ನಮ್ಮ ಶಾಲೆಯಲ್ಲಿ ಶಿಕ್ಷಕರಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿದ್ದರು. ನಾನು ಪಿ.ಟಿ. ಟೀಚರ್. ವಯಸ್ಸು ಮೂವತ್ತೆಂಟು, ತೂಕ ಐವತ್ತೆರಡು ಕೆ.ಜಿ. ಮಕ್ಕಳನ್ನು ಓಡಿಸುವ ನೆಪದಲ್ಲಿ ದಿನಾ ನಾನೂ ಓಡುತ್ತೇನೆ. ರಿಪೋರ್ಟ್ ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ತಮ್ಮ ತಮ್ಮ ಶುಗರ್ ನೋಡಿಕೊಂಡು ಕೂತಿದ್ದರೆ, ನಾನು ಲಕೋಟೆ ಒಡೆಯದೆ ಖೋಖೋ ಆಡಿಸಲು ಹೋದೆ. ನನಗೇನಿರುತ್ತದೆ ಎಂಬ ಜಂಬ.

ಮಧ್ಯಾಹ್ನ ಒಡೆದೆ.

ಎಲ್‌ಡಿಎಲ್ ೨೭೪.

ಕೆಟ್ಟ ಕೊಲೆಸ್ಟ್ರಾಲ್ ಅನ್ನುತ್ತಾರಲ್ಲ, ಅದು. ಇರಬೇಕಾದದ್ದು ನೂರರೊಳಗೆ ಎಂದು ಪಕ್ಕದಲ್ಲೇ ಅಚ್ಚಾಗಿತ್ತು. ಮೇಲಿರುವ ಹೆಸರು ನನ್ನದೇನಾ ಎಂದು ಎರಡು ಸಲ ನೋಡಿದೆ.

ಇಂದಿರಾನಗರದ ಕ್ಲಿನಿಕ್ಕಿನ ಡಾಕ್ಟರ್ ಹೆಚ್ಚುಕಡಿಮೆ ನನ್ನ ವಯಸ್ಸಿನ ಹೆಂಗಸು. ನಾನು ಏನು ತಿನ್ನುತ್ತೇನೆಂದು ಕೇಳಲೇ ಇಲ್ಲ. ಶೂ ಬಿಚ್ಚಲು ಹೇಳಿ, ಬಗ್ಗಿ, ಹಿಮ್ಮಡಿಯ ಮೇಲಿನ ಹುರಿಯಂಥ ಸ್ನಾಯುರಜ್ಜುವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಇದು ಮೊದಲಿಂದ್ಲೂ ಹೀಗೇ ದಪ್ಪ ಇದ್ಯಾ?"

"ಓಡಿ ಓಡಿ ಆಗಿರೋದು ಅನ್ಕೊಂಡಿದ್ದೆ ಡಾಕ್ಟ್ರೇ."

"ಇದು ಕೊಲೆಸ್ಟ್ರಾಲ್. ಈ ಟೆಂಡನ್ ಒಳಗೆ ಸೇರ್ಕೊಂಡಿದೆ. ತಂದೆ, ತಾಯಿ ಇದ್ದಾರಾ?"

ಅಮ್ಮ ಇದ್ದಾರೆ. ಅಪ್ಪ ಇಲ್ಲ. ಕೆ.ಆರ್. ಪುರದ ಹತ್ತಿರದ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಒಂದು ಬೆಳಿಗ್ಗೆ ಫಸ್ಟ್ ಶಿಫ್ಟ್ ಬಸ್ಸಿಗೆ ಕಾಯುತ್ತ ನಿಂತಲ್ಲೇ ಕುಸಿದರು. ಆಗ ಅವರಿಗೆ ನಲವತ್ತೊಂದು, ನನಗೆ ಹನ್ನೆರಡು. ದೊಡ್ಡಪ್ಪ ಅದಕ್ಕೂ ಮೊದಲೇ ಹೀಗೆಯೇ ಹೋಗಿದ್ದರು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಫೆಮಿಲಿಯಲ್ ಹೈಪರ್‌ಕೊಲೆಸ್ಟ್ರಾಲಿಮಿಯಾ ಅಂತಾರೆ ಇದನ್ನ. ವಂಶದಲ್ಲಿ ಬರೋದು. ಹುಟ್ಟಿದಾಗಿಂದ ನಿಮ್ಮ ಲಿವರ್ ಇದನ್ನ ಸರಿಯಾಗಿ ತೆಗೀತಿಲ್ಲ. ಮಾತ್ರೆ ಶುರು ಮಾಡೋಣ."

ಹೆದರಬೇಕಿತ್ತು. ಹೆದರಿದೆ ಕೂಡ. ಆದರೆ ಅದು ಬರೀ ಹೆದರಿಕೆಯಾಗಿರಲಿಲ್ಲ. ಆ ಮನೆ ಗಂಡಸರ ಆಯುಸ್ಸೇ ಅಷ್ಟು ಎಂದು ನಮ್ಮವರೆಲ್ಲ ಇಪ್ಪತ್ತಾರು ವರ್ಷದಿಂದ ಮಾತು ಮುಗಿಸುತ್ತ ಬಂದಿದ್ದರು. ಈಗ ನೋಡಿದರೆ ಅದಕ್ಕೊಂದು ಹೆಸರಿದೆ. ಅಳತೆಯಿದೆ. ಔಷಧಿಯಿದೆ!

"ಮಾತ್ರೆ ಎಷ್ಟು ದಿನ ಡಾಕ್ಟ್ರೇ?"

"ಜೀವನಪೂರ್ತಿ."

ಅಲ್ಲಿ ನಾನು ಹಿಂದೆಗೆದೆ. ಮಾತ್ರೆಯಿಂದ ಕಾಲು ನೋವು ಬರುತ್ತದೆಂದು ನನ್ನ ಗಂಡ ಮಹೇಶ್ ಎಲ್ಲೋ ವಿಡಿಯೋ ನೋಡಿದ್ದರು. "ನೀನು ಓಡೋಳು, ನಿಂಗೆ ಕಾಲೇ ಎಲ್ಲಾ" ಎಂದರು ಮನೆಯಲ್ಲಿ. ನನಗೂ ಹಟ. ಇಸಿಜಿ, ಎಕೋ ಎರಡೂ ಚೆನ್ನಾಗಿದ್ದುದರಿಂದ ಡಾಕ್ಟರ್ ಒಲ್ಲದ ಮನಸ್ಸಿನಿಂದ ಊಟದಲ್ಲೇ ಇಳಿಸಲು ಮೂರು ತಿಂಗಳ ಗಡುವು ಕೊಟ್ಟರು.

ಆ ಮೂರು ತಿಂಗಳು ನಾನು ಯಾವ ಪರೀಕ್ಷೆಗೂ ಓದದಷ್ಟು ಶ್ರದ್ಧೆಯಿಂದ ತಿಂದೆ. ತುಪ್ಪವಿಲ್ಲ, ಬೇಕರಿ ಪಫ್ ಇಲ್ಲ. ಹುರುಳಿ, ಮೊಳಕೆ ಕಾಳು, ಓಟ್ಸ್. ಭಾನುವಾರ ಹಲಸೂರು ಕೆರೆಯ ಸುತ್ತ ಓಟ. ಮತ್ತೆ ರಕ್ತ ಕೊಟ್ಟೆ.

೨೫೧.

ಡಾಕ್ಟರ್ ಬೈಯಲಿಲ್ಲ. "ನೀವು ನೂರಕ್ಕೆ ನೂರು ತಗೊಂಡಿದ್ದೀರಮ್ಮ. ಫೇಲಾಗಿರೋದು ಲಿವರ್ರು" ಎಂದು ನಕ್ಕರು.

ಮಾತ್ರೆಯೆಂದರೆ ಮೈಗಳ್ಳರಿಗೆ ಕೊಡುವ ಶಿಕ್ಷೆ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಎಂಟನೇ ಕ್ಲಾಸಿನಿಂದ ಕನ್ನಡಕ ಹಾಕಿಕೊಂಡೇ ಓಡುತ್ತಿದ್ದೇನೆ, ಅದಕ್ಕೆಂದೂ ನಾಚಿಕೆಪಟ್ಟಿಲ್ಲ. ಹಾಗಿದ್ದ ಮೇಲೆ ಇದಕ್ಕೇಕೆ?

"ಇನ್ನೊಂದು ಮಗು ಯೋಚನೆ ಇದ್ರೆ ಈಗ್ಲೇ ಹೇಳಿ, ಆಗ ಈ ಮಾತ್ರೆ ಆಗಲ್ಲ."

"ಇಲ್ಲ. ಬರೀರಿ ಡಾಕ್ಟ್ರೇ."

ಬರೆದರು. ಜೊತೆಗೆ ಇನ್ನೊಂದು ಕೆಲಸವನ್ನೂ ಕೊಟ್ಟರು. ಒಡಹುಟ್ಟಿದವರು, ಮಕ್ಕಳು, ಅಪ್ಪನ ಕಡೆಯವರು, ಎಲ್ಲರ ರಕ್ತವೂ ನೋಡಿಸಬೇಕು. ಈ ಕಾಯಿಲೆ ಇರುವವರ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ.

ಒಂದು ಭಾನುವಾರ ಹಲಸೂರಿನ ಲ್ಯಾಬಿಗೆ ಒಂಬತ್ತು ಜನರನ್ನು ಕರೆದುಕೊಂಡು ಹೊರಟೆ. ನನ್ನ ಮಗಳು, ನನ್ನ ತಮ್ಮ ಮಂಜು, ದೊಡ್ಡಪ್ಪನ ಮಕ್ಕಳು, ಮೊಮ್ಮಕ್ಕಳು. ಎಲ್ಲರೂ ಖಾಲಿ ಹೊಟ್ಟೆ. ಎಲ್ಲರಿಗೂ ಗಲಾಟೆ ಮಾಡುವ ಹುಮ್ಮಸ್ಸು. "ಮದುವೆ ಮನೆಯಿಂದ ಬಂದ್ರಾ?" ಎಂದು ರಕ್ತ ತೆಗೆಯುವ ಹುಡುಗಿ ಕೇಳಿದಳು. ಆಮೇಲೆ ಹೋಟೆಲಿಗೆ ನುಗ್ಗಿ ಇಡ್ಲಿ ತಿಂದೆವು. ಅಪ್ಪ ಹೋದ ಮೇಲೆ ನಾವಿಷ್ಟು ಜನ ಒಟ್ಟಿಗೆ ಕೂತು ನಕ್ಕದ್ದು ನೆನಪಿಲ್ಲ.

ಮರುದಿನ ಸಂಜೆ ಫೋನಿಗೆ ಒಂದೊಂದೇ ರಿಪೋರ್ಟ್ ಬಂತು. ಮಗಳದು ೮೮. ಅಡುಗೆಮನೆಯಲ್ಲಿ ಕೂಗಿದ ನನ್ನ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದರು. ಒಂಬತ್ತರಲ್ಲಿ ಮೂವರಿಗೆ ಹೆಚ್ಚಿತ್ತು. ಎಲ್ಲರಿಗಿಂತ ಹೆಚ್ಚು ಮಂಜುವಿಗೆ.

೩೦೨.

ಮಂಜುವಿಗೆ ಮೂವತ್ತಾರು. ಗರುಡಾಚಾರ್‌ಪಾಳ್ಯದ ಒಂದು ಫ್ಯಾಕ್ಟರಿ ಯೂನಿಟ್ಟಿನಲ್ಲಿ ಸೂಪರ್‌ವೈಸರ್. "ನಂಗೇನೂ ಆಗಿಲ್ಲ ಬಿಡಕ್ಕಾ" ಎಂದ.

"ಅಪ್ಪಂಗೂ ಏನೂ ಆಗಿರ್ಲಿಲ್ಲ ಕಣೋ, ಆ ದಿನದ ತನಕ."

ಅವನು ರಿಪೋರ್ಟನ್ನು ಮತ್ತೊಮ್ಮೆ ನೋಡಿದ. ಆಮೇಲೆ, ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದೆ, ಗ್ಯಾಸ್ಟ್ರಿಕ್ ಇರಬೇಕು ಎಂದ. ಮರುದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಆಂಜಿಯೋಗ್ರಾಂನಲ್ಲಿ ಒಂದು ರಕ್ತನಾಳ ಮುಕ್ಕಾಲು ಪಾಲಿಗಿಂತ ಹೆಚ್ಚು ಕಟ್ಟಿತ್ತು. ಸ್ಟೆಂಟ್ ಹಾಕಿದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಹೃದಯದ ಡಾಕ್ಟರ್ ನಮಗೆಲ್ಲ ವಿವರಿಸುತ್ತಿದ್ದಾಗ, ಬೆಂಚಿನ ಮೇಲೆ ಕೂತಿದ್ದ ಅಮ್ಮ ಎದ್ದು ನಿಂತರು.

"ಹಂಗಾದ್ರೆ ನನ್ನ ಅಡುಗೆಯಿಂದ ಅಲ್ವಾ ಸ್ವಾಮಿ?"

ಯಾರಿಗೂ ಅರ್ಥವಾಗಲಿಲ್ಲ. ಅಪ್ಪನ ಹೆಣದ ಮುಂದೆ ಅಜ್ಜಿ ಹೇಳಿದ್ದರಂತೆ: ವಾರ ವಾರ ಮಾಂಸ ಬೇಯಿಸಿ ಹಾಕಿ ನನ್ನ ಮಗನ್ನ ತಿಂದ್ಕೊಂಡ್ಳು ಇವಳು. ಇಪ್ಪತ್ತಾರು ವರ್ಷ ಅಮ್ಮ ಆ ಮಾತನ್ನು ನಮ್ಮ ಯಾರಿಗೂ ಹೇಳದೆ ನುಂಗಿಕೊಂಡಿದ್ದರು. ನಂಬಿಯೂ ಇದ್ದರು.

"ಇಲ್ಲಮ್ಮ" ಎಂದರು ಡಾಕ್ಟರ್. "ಊಟದ್ದು ಸ್ವಲ್ಪ ಇರುತ್ತೆ. ಆದ್ರೆ ಅಷ್ಟು ಚಿಕ್ಕ ವಯಸ್ಸಲ್ಲಿ ಅವ್ರು ಹೋಗಿದ್ದು ಇದ್ರಿಂದ. ಅದು ಅವ್ರು ಹುಟ್ಟಿದಾಗ್ಲೇ ಜೊತೇಲಿ ಬಂದಿತ್ತು."

"ಇನ್ನೊಂದ್ಸಲ ಜೋರಾಗಿ ಹೇಳಿ ಸ್ವಾಮಿ. ಇವ್ರೆಲ್ಲ ಕೇಳಿಸ್ಕೊಳ್ಳಿ."

ಅವರು ಹೇಳಿದರು. ನಾವೆಲ್ಲ ಕೇಳಿಸಿಕೊಂಡೆವು.

ಈಗ ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಒಂದು ಮಾತ್ರೆ. ಮೊದಲೆರಡು ವಾರ ಮೀನಖಂಡ ಹಿಡಿದುಕೊಂಡಿತ್ತು; ಮಾತ್ರೆಯದೋ ಸ್ಪೋರ್ಟ್ಸ್ ಡೇ ತಯಾರಿಯದೋ ಗೊತ್ತಿಲ್ಲ, ತಾನಾಗಿಯೇ ಹೋಯಿತು. ಮೊನ್ನೆ ಎಲ್‌ಡಿಎಲ್ ೧೧೮. ಇನ್ನೂ ಇಳಿಯಬೇಕು, ಇನ್ನೊಂದು ಮಾತ್ರೆ ಬೇಕಾಗಬಹುದು ಎಂದಿದ್ದಾರೆ. ಬೇಕಾದರೆ ತೆಗೆದುಕೊಳ್ಳುತ್ತೇನೆ. ಮುಂದೇನೂ ಆಗುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ಆದರೆ ಮಂಜು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾನೆ.

ಅಮ್ಮನಂತೂ ಅಪ್ಪನ ಕಡೆಯ ದೂರದ ನೆಂಟರನ್ನೂ ಬಿಟ್ಟಿಲ್ಲ. ಫೋನ್ ಎತ್ತಿದ ಕೂಡಲೆ, ಚೆನ್ನಾಗಿದ್ದೀರಾ ಅನ್ನುವುದಕ್ಕೂ ಮೊದಲೇ ಕೇಳುತ್ತಾರೆ: "ಮಕ್ಕಳ ರಕ್ತ ನೋಡಿಸಿದ್ರಾ?"