ನಾನಿಲ್ಲದ ರಸ್ತೆತಡೆ

ಮನುಷ್ಯನಾಗಿ ಹುಟ್ಟಿದವನು ಎಂದಾದರೊಂದು ದಿನ ತನ್ನ ಅಂತಃಸಾಕ್ಷಿಯ ಮುಂದೆ ನಿಂತು, ತಾನು ಬದುಕಿನಲ್ಲಿ ಏನೇನು ಮಾಡಿದೆ ಎಂಬುದಕ್ಕೆ ಉತ್ತರ ಕೊಡಲೇಬೇಕು. ನನಗೆ ಆ ದಿನ ಬಂದಾಗ ಅಂತಃಸಾಕ್ಷಿಯ ಜಾಗದಲ್ಲಿ ಹೆದ್ದಾರಿ ಅಗಲ ಮಾಡುತ್ತಿದ್ದ ಏಜೆನ್ಸಿಯ ಒಂದು ಅರ್ಜಿ ಇತ್ತು. ಉತ್ತರಕ್ಕೆಂದು ಕಡಲೆಕಾಳು ಹಿಡಿಸುವಷ್ಟು ಎರಡು ಚೌಕ ಬಿಟ್ಟಿದ್ದರು. ಒಂದರ ಪಕ್ಕ ಹೌದು, ಇನ್ನೊಂದರ ಪಕ್ಕ ಇಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಲ್ಲಿಯವರೆಗೆ ನಾನು ಹಿರಿಯೂರು ತಾಲ್ಲೂಕಿನಲ್ಲಿ ಶಾಲೆಯ ಕಾಂಪೌಂಡು, ಬಸ್ಸಿನ ತಂಗುದಾಣ ಕಟ್ಟಿಕೊಂಡಿದ್ದ ಸಣ್ಣ ಕಂಟ್ರಾಕ್ಟರು. ಬಬ್ಬೂರಿನ ಹತ್ತಿರ ಹೆದ್ದಾರಿಗೆ ಮೋರಿ ಕಟ್ಟುವ ಕೆಲಸವನ್ನು ಹೊರಗಿನ ಸಣ್ಣ ಕಂಟ್ರಾಕ್ಟರುಗಳಿಗೂ ಕೊಡುತ್ತಾರೆಂದು ತಿಳಿದು ಅರ್ಜಿ ತಂದಿದ್ದೆ. ಅದು ಸಿಕ್ಕರೆ ಮುಂದೆ ದೊಡ್ಡ ಕೆಲಸಗಳಿಗೆ ನನ್ನನ್ನೂ ಕರೆಯುತ್ತಾರೆ. ಇಲ್ಲವಾದರೆ ಸಾಯುವ ತನಕ ತಂಗುದಾಣ. ಅರ್ಜಿಯಲ್ಲಿ ಎಲ್ಲವನ್ನೂ ತುಂಬಿದೆ. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ: ನೀವು ಯಾವುದಾದರೂ ಕ್ರಿಮಿನಲ್ ಪ್ರಕರಣದಲ್ಲಿ ಎಂದಾದರೂ ಆರೋಪಿಯಾಗಿದ್ದಿರಾ? ಸುಳ್ಳು ಬರೆದರೆ ಮುಂದೆ ಎಲ್ಲಿಯೂ ಕೆಲಸವಿಲ್ಲ ಎಂದು ಕೆಳಗೆ ಬೇರೆ ಬರೆದಿದ್ದರು.

ಆಗಿದ್ದೆ. ಆದರೆ ಆ ಅಪರಾಧ ನಡೆಯುವಾಗ ನಾನು ಹೊಸದುರ್ಗದಲ್ಲಿ ಕೇಸರಿಬಾತು ತಿನ್ನುತ್ತಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೊಂಬತ್ತರ ದಶಕದಲ್ಲಿ ಒಮ್ಮೆ, ಕಾಲುವೆಗೆ ನೀರು ಬಿಡಿ ಎಂದು ನಮ್ಮವರೆಲ್ಲ ಹೆದ್ದಾರಿಯಲ್ಲಿ ಅಡ್ಡ ಕುಳಿತರು. ಪೊಲೀಸರು ಎಲ್ಲರನ್ನೂ ವ್ಯಾನಿಗೆ ತುಂಬಿ, ಕಲ್ಯಾಣ ಮಂಟಪದಲ್ಲಿ ಕೂರಿಸಿ, ಚಿತ್ರಾನ್ನ ಕೊಟ್ಟು, ಹೆಸರು ಬರೆದುಕೊಂಡು ಸಂಜೆಗೆ ಬಿಟ್ಟರು. ಹೆಸರು ಬರೆಸುವುದು ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಸಿದಷ್ಟೇ ಮರ್ಯಾದೆಯ ಕೆಲಸ. ಬರಲಾಗದಿದ್ದವನ ಹೆಸರನ್ನು ಮನೆಯ ಹಿರಿಯರು ತಾವೇ ಹೇಳಿ ಸೇರಿಸುತ್ತಿದ್ದರು, ನಾಳೆ ಯಾರೂ ಆಡಿಕೊಳ್ಳಬಾರದೆಂದು. ನಾನು ಅಂದು ಅಮ್ಮನ ಜೊತೆ ಹೆಣ್ಣು ನೋಡಲು ಹೋಗಿದ್ದೆ. ಸೋದರಮಾವ ನನ್ನ ಹೆಸರನ್ನು ತಂದೆಯ ಹೆಸರಿನ ಸಮೇತ ಬರೆಸಿದರು. ಹೀಗೆ ಒಂದೇ ದಿನ ನನಗೆ ಹೆಂಡತಿಯೂ ಗೊತ್ತಾದಳು, ಕೇಸೂ ಬಿತ್ತು. ಆಮೇಲೆ ಬಂದ ಸರ್ಕಾರ ಕೇಸನ್ನು ವಾಪಸು ತೆಗೆದುಕೊಂಡಿತು. ಹೆಂಡತಿ ಉಳಿದಳು.

ಅರ್ಜಿಯನ್ನು ಅಂಗಿಯ ಜೇಬಿನಲ್ಲಿ ಮಡಿಸಿಟ್ಟುಕೊಂಡೇ ತಿರುಗಿದೆ. ಕೂತರೆ ಎದ್ದೇಳಬೇಕು ಅನ್ನಿಸುತ್ತಿತ್ತು, ಎದ್ದರೆ ಎಲ್ಲಿಗೆ ಎಂದು ತಿಳಿಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಹೇಳಿ, ಅದು ಬರುವ ಮೊದಲೇ ಎದ್ದುಹೋದದ್ದೂ ಉಂಟು.

"ಇಲ್ಲ ಅಂತ ಹಾಕ್ರಿ ಅತ್ಲಾಗೆ," ಎಂದಳು ಹೆಂಡತಿ. "ನೀವು ಅವತ್ತು ಎಲ್ಲಿದ್ರಿ ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳ್ತೀನಿ. ಎರಡು ಸಲ ಕೇಸರಿಬಾತು ಹಾಕಿಸ್ಕಂಡ್ರಿ."

ಸ್ಟೇಷನ್ನಿಗೆ ಹೋದೆ. ದಫೇದಾರರು ಹಳೆಯ ಕಡತ ನೋಡಿ, ನನ್ನ ಹೆಸರು ಇದೆ ಎಂದರು.

"ನಾನು ಅಲ್ಲಿರಲಿಲ್ಲ ಅಂತ ಒಂದು ಬರ್ಕೊಡ್ರಿ ಸಾರ್."

"ನೀವು ಇರ್ಲಿಲ್ಲ ಅಂತ ನಾವು ಹೆಂಗ್ರಿ ಹೇಳೋದು? ಇದ್ದೋರನ್ನೇ ನಾವು ಸರಿಯಾಗಿ ನೋಡಿಲ್ಲ. ಹೆಸರು ಹೇಳಿದೋರ ಕೈಲಿ ಬರೆಸ್ಕಂಡು ಬರ್ರಿ."

ಸೋದರಮಾವನ ಮನೆಗೆ ಹೋದೆ. ಮಾವ ತೆಂಗಿನಕಾಯಿ ಸುಲಿಯುತ್ತಾ ಪೂರ್ತಿ ಕೇಳಿಸಿಕೊಂಡರು.

"ನಾನು ಪೊಲೀಸರಿಗೆ ಸುಳ್ಳು ಹೇಳ್ದೆ ಅಂತ ನಾನೇ ಬರ್ಕೊಡ್ಬೇಕಾ?"

"ಹೇಳಿದ್ದು ಹೌದಲ್ಲ ಮಾವ."

"ಯಾರಿಗೋಸ್ಕರ ಹೇಳ್ದೆ? ಊರೆಲ್ಲ ನೀರಿಗಾಗಿ ಬಿಸಿಲಾಗೆ ಕುಂತೈತೆ, ನಮ್ಮ ಅಳಿಯ ಹೆಣ್ಣು ನೋಡಾಕೆ ಹೋಗ್ಯಾನೆ ಅಂತ ಹೇಳ್ಲಾ? ನಿನ್ನ ಮರ್ಯಾದೆ ಉಳಿಸಿದ್ದು ಕಣಲೇ." ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಬರೆಯಾದೆಲ್ಲ ಬ್ಯಾಡ. ದುರ್ಗದಾಗೆ ಅವರ ಆಫೀಸಿಗೇ ಹೋಗಾಣ ನಡಿ. ನಾನೇ ಮಾತಾಡ್ತೀನಿ."

ಅವರನ್ನು ಬಿಟ್ಟು ಹೋಗಲು ನನಗೆ ಧೈರ್ಯವಿರಲಿಲ್ಲ. ಕರೆದುಕೊಂಡು ಹೋಗಲು ಅದಕ್ಕಿಂತ ಹೆಚ್ಚು ಧೈರ್ಯ ಬೇಕಿತ್ತು. ಬಸ್ಸಿನಲ್ಲಿ ಚಿತ್ರದುರ್ಗ ಬರುವ ತನಕ ಅವರು ಕಣ್ಣು ಮುಚ್ಚಿ ನೆಮ್ಮದಿಯಾಗಿ ಕೂತಿದ್ದರು. ನಾನು ಮುಂದಿನ ಸೀಟಿನ ಕಂಬಿ ಹಿಡಿದು, ಬಿಟ್ಟು, ಹಿಡಿದು ಬೆವರುತ್ತಿದ್ದೆ.

ಏಜೆನ್ಸಿಯ ಆಫೀಸಿನಲ್ಲಿದ್ದ ಇಂಜಿನಿಯರು ಬೆಂಗಳೂರಿನ ಕಡೆಯವರು, ಸೌಮ್ಯ ಮನುಷ್ಯ. ನಾನು ಬಾಯಿ ತೆರೆಯುವ ಮೊದಲೇ ಮಾವ ಶುರು ಮಾಡಿದರು.

"ಕೇಸು ಐತೆ ಸಾಮಿ. ಕಳ್ಳತನದ್ದಲ್ಲ, ಕುಡುದಿದ್ದಲ್ಲ. ನೀರಿಗಾಗಿ ರಸ್ತೆ ತಡೆದಿದ್ದು. ನಮ್ಮ ಹುಡುಗ ಮೊದಲನೇ ಸಾಲಿನಾಗೆ ಕುಂತಿದ್ದ. ಲಾರಿ ಬಂದ್ರೂ ಏಳ್ಲಿಲ್ಲ."

ಈ ಲಾರಿ ಹೊಸದು. ನಾನೂ ಅಂದೇ ಮೊದಲ ಸಲ ಕೇಳಿದ್ದು.

"ಯಾವ ರಸ್ತೆ?" ಎಂದರು ಇಂಜಿನಿಯರು.

"ಇದೇ ಹೆದ್ದಾರಿ ಸಾಮಿ. ಬಬ್ಬೂರು ಹತ್ರ."

"ಅಂದ್ರೆ ಇವರು ಅಡ್ಡ ಕೂತಿದ್ದ ಜಾಗಕ್ಕೇ ಮೋರಿ ಕಟ್ಟೋಕೆ ಕೇಳ್ತಿದ್ದಾರೆ."

"ಅದಕ್ಕೇ ಇವನಿಗೆ ಕೊಡ್ಬೇಕು. ಆ ಜಾಗ ಇವನಷ್ಟು ಕಂಡೋರು ಯಾರದಾರೆ?"

ಮಾವನ ಮುಖ ನೋಡಿದೆ. ಇಂಜಿನಿಯರ ಮುಂದೆ ಅವರನ್ನು ಸುಳ್ಳುಗಾರ ಮಾಡಬೇಕು, ಇಲ್ಲವೇ ನೋಡದ ಲಾರಿಯ ಮುಂದೆ ಕೂತ ವೀರನಾಗಿ ಉಳಿಯಬೇಕು. "ನಾನು ಅಲ್ಲಿರಲಿಲ್ಲ ಸಾರ್," ಎಂದೆ. "ಹೊಸದುರ್ಗದಲ್ಲಿದ್ದೆ. ಹೆಸರು ಇವರು ಬರೆಸಿದ್ದು."

ಮಾವ ಟವೆಲ್ಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಇಂಜಿನಿಯರಿಗೂ ಕಸಿವಿಸಿಯಾಗಿತ್ತು. "ನೋಡಿ, ಇದ್ರೋ ಇಲ್ವೋ ಅಂತ ಅರ್ಜಿಯಲ್ಲಿ ಕೇಳಿಲ್ಲ. ಕೇಸಿನಲ್ಲಿ ಹೆಸರಿದೆಯಾ?"

"ಇದೆ."

"ಹಾಗಾದ್ರೆ ಹೌದು ಅಂತ ಹಾಕಿ. ವಾಪಸಾಗಿದೆ ಅಂತ ಪಕ್ಕದಲ್ಲಿ ನಾನು ಬರೀತೀನಿ. ಮೇಲಿನವರು ಅದನ್ನ ಓದ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ."

ಹೌದು ಎಂಬ ಚೌಕದಲ್ಲಿ ಗುರುತು ಹಾಕಿದೆ. ವಾಪಸು ಬರುವಾಗ ಮಾವ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತರು. ಹಿರಿಯೂರಿನಲ್ಲಿ ಇಳಿದ ಮೇಲೆ ಒಂದೇ ಮಾತು ಹೇಳಿದರು: "ಸುಮ್ನಿದ್ದಿದ್ರೆ ಕೊಡ್ತಿದ್ದ."

ಆಮೇಲಿನ ದಿನಗಳಲ್ಲಿ ಅಂಚೆಯವನ ಸೈಕಲ್ಲು ಬೀದಿಗೆ ತಿರುಗಿದರೆ ಸಾಕು, ನಾನು ಬಾಗಿಲಿಗೆ ಬರುತ್ತಿದ್ದೆ. ಅವನು ಹೆಚ್ಚಾಗಿ ಪಕ್ಕದ ಮನೆಗೇ ಹೋಗುತ್ತಿದ್ದ.

ಮೋರಿ ಕೆಲಸವನ್ನು ಹೊಳಲ್ಕೆರೆಯ ಒಬ್ಬ ಕಂಟ್ರಾಕ್ಟರಿಗೆ ಕೊಟ್ಟರು.