ಕಪ್ಪು ಬಿಳುಪಿನಲ್ಲಿ ಉಮ್ಮ

ಪರದೆಯ ಬಣ್ಣ ನೋಡಿಯೇ ಸಿನಿಮಾದ ಕತೆ ಎತ್ತ ಹೊರಟಿತೆಂದು ಹೇಳಬಲ್ಲೆ ಎಂಬ ಜಂಬ ನನಗೆ. ನೀಲಿಗೆ ತಿರುಗಿದರೆ ಏನೋ ಅಪಾಯ ಕಾದಿದೆ, ಜೇನಿನ ಬಣ್ಣ ಬಂದರೆ ಬಾಲ್ಯ, ಬಣ್ಣವೇ ಇಂಗಿಹೋದರೆ ಆ ಮನುಷ್ಯ ಇನ್ನಿಲ್ಲ. ಗಲ್ಫಿನಲ್ಲಿರುವ ನನ್ನ ತಮ್ಮನಿಗೂ ಈ ಪಾಠ ಮಾಡಿದವಳು ನಾನೇ. ಅವನ ಸಿಟ್ಟು ಬೇರೆ: ಅವನಿರುವ ಊರನ್ನು ಯಾವ ಸಿನಿಮಾದಲ್ಲಿ ತೋರಿಸಿದರೂ ಆಕಾಶಕ್ಕೆ ಅರಿಶಿನ ಬಳಿದಿರುತ್ತಾರಂತೆ, ನಿಜದಲ್ಲಿ ಅದು ನಮ್ಮ ವಿಟ್ಲದ ಆಕಾಶದ ಹಾಗೆಯೇ ಇದೆಯಂತೆ.

ಕಳೆದ ವರ್ಷ ನನ್ನ ಮಗಳ ಮದುವೆಗೆ ಅವನು ಬರಲಿಲ್ಲ. ರಜೆ ಸಿಗಲಿಲ್ಲವೆಂದ. ಅದರ ಹಿಂದಿನ ಹಬ್ಬಗಳಿಗೂ ಇದೇ ಮಾತು. ನನ್ನ ಜೊತೆಯೇ ಇರುವ ನಮ್ಮ ತಾಯಿ, ಉಮ್ಮ, ಮದುವೆಯ ದಿನವಿಡೀ ಗೇಟಿನ ಕಡೆ ಒಂದು ಕಣ್ಣಿಟ್ಟೇ ಕುಳಿತಿದ್ದರು.

ಮದುವೆಯ ವಿಡಿಯೋ ಮಾಡಿದ ಮೂಡುಬಿದಿರೆಯ ಸ್ಟುಡಿಯೋದವನಿಗೂ ಸಿನಿಮಾ ಹುಚ್ಚು. ಮದುಮಗಳಿಗೆ ಬೆಚ್ಚನೆಯ ಚಿನ್ನದ ಬಣ್ಣ ಕೊಟ್ಟ. ಉಮ್ಮ ಅವಳ ತಲೆ ಸವರಿ ನಗುವ ತುಣುಕನ್ನು ಮಾತ್ರ ಕಪ್ಪು ಬಿಳುಪು ಮಾಡಿ, ನಿಧಾನಗೊಳಿಸಿ, ಕೊಳಲು ಸೇರಿಸಿದ. ಹಳೇ ಕಾಲದ ಫೀಲ್ ಬರಲಿ ಎಂದನಂತೆ. ಮದುವೆಯಾಗಿ ಕಕ್ಕಿಂಜೆಗೆ ಹೋದ ಮಗಳು ಒಂದು ಬೆಳಿಗ್ಗೆ ಆ ತುಣುಕನ್ನೇ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ, ಅಜ್ಜಿಯ ನೆನಪು ತುಂಬಾ ಕಾಡುತ್ತಿದೆ ಎಂದು ಬರೆದಳು.

ಮರುದಿನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಗೇಟು ತೆರೆದು ತಮ್ಮ ಬಂದ. ಕೈಯಲ್ಲಿ ಬ್ಯಾಗಿಲ್ಲ, ಮೈಮೇಲೆ ಕೆಲಸದ ಯೂನಿಫಾರ್ಮ್, ಬೂಟಿಗೆ ಕೆಂಪು ಮಣ್ಣು. ಕೆಲಸ ಹೋಯಿತೇ, ಜಗಳವಾಯಿತೇ?

"ಮುಗಿಯಿತಾ?" ಎಂದು ಕೇಳಿದ.

ಏನು ಮುಗಿಯುವುದು ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಉಮ್ಮ ಹೊರಬಂದರು, ಕೈಯೆಲ್ಲ ಅಕ್ಕಿಹಿಟ್ಟು. ತಮ್ಮ ಮೆಟ್ಟಿಲಲ್ಲೇ ಕುಸಿದು ಕುಳಿತ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಹೆದರಿಹೋದೆ.

ಆಮೇಲೆ ಎಲ್ಲ ತಿಳಿಯಿತು. ಸ್ಟೇಟಸ್ ನೋಡಿದವನು ನನಗೆ ಒಮ್ಮೆ ಫೋನ್ ಮಾಡಿದ್ದಾನೆ, ನನಗದು ಕೇಳಿಸಿಲ್ಲ. ಸಾವಿನ ಮನೆಯಲ್ಲಿ ಫೋನ್ ಯಾರು ತೆಗೆಯುತ್ತಾರೆ ಎಂದುಕೊಂಡ. ಇನ್ನೊಬ್ಬರ ಬಾಯಿಂದ ಆ ಮಾತು ಕೇಳುವ ಧೈರ್ಯ ಬರಲಿಲ್ಲ. ನಮ್ಮಲ್ಲಿ ಮಯ್ಯತ್ತನ್ನು, ಅಂದರೆ ಶವವನ್ನು, ಯಾರಿಗಾಗಿಯೂ ಹೆಚ್ಚು ಹೊತ್ತು ಇಡುವುದಿಲ್ಲ. ಕೊನೆಯದಾಗಿ ಮುಖ ನೋಡಲು ಸಿಗಲಾರದೆಂದು ಗೊತ್ತಿದ್ದೂ ಸಿಕ್ಕಿದ ವಿಮಾನ ಹತ್ತಿದ್ದ. ಊರಿಗೆ ಬಂದು ಮೊದಲು ಹೋದದ್ದು ಮಸೀದಿಯ ಹಿಂದಿನ ಖಬರಸ್ಥಾನಕ್ಕೆ. ಹೊಸ ಮಣ್ಣು ಹುಡುಕಿ, ಎಲ್ಲೂ ಕಾಣದೆ, ಮನೆಗೆ ಬಂದಿದ್ದ.

ನನಗೆ ಸಿಟ್ಟು ನೆತ್ತಿಗೇರಿತು. ಸ್ಟುಡಿಯೋದವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಪಾಪ, ಇವತ್ತೇ ಬಣ್ಣ ಹಾಕಿ ಬೇರೆ ಕಳಿಸುತ್ತೇನೆ ಎಂದ.

ಅಷ್ಟು ಹೊತ್ತೂ ಉಮ್ಮ ತಮ್ಮನ ತಲೆ ಸವರುತ್ತಿದ್ದರು. ಅವನ ಕೂದಲೆಲ್ಲ ಹಿಟ್ಟಾಗಿತ್ತು. ಈ ಸಲ ರಜೆ ಹೇಗೆ ಕೊಟ್ಟರು ಎಂದು ಕೇಳಿದರು. ಉಮ್ಮ ತೀರಿಹೋದರೆಂದದ್ದಕ್ಕೆ ಕೂಡಲೇ ಬಿಟ್ಟರು ಎಂದ ಅವನು, ಮುಖ ಎತ್ತದೆ.

ಉಮ್ಮ ನನ್ನ ಕಡೆ ತಿರುಗಿದರು.

"ಆ ಸ್ಟುಡಿಯೋದವನಿಗೆ ಬೈಬೇಡ. ಬಣ್ಣ ಹಾಕುವುದೂ ಬೇಡ" ಎಂದರು. "ಬಣ್ಣ ಇದ್ದಿದ್ರೆ ಇವ ಬರ್ತಿರಲಿಲ್ಲ."